ಕಡೀ ನಳ

ತಗೋ ತಾಯಪ್ಪ, ಈ ಕೀಲಿ ಇನ್ನ ನಿಂದು.
ಟಿ ಆಕಾರದ ಕಬ್ಬಿಣ, ಒಂಬತ್ತು ಕೇಜಿ,
ನನ್ನ ಬಲಗಡಿ ಹೆಗಲು ಇಳದದ್ದು ಇದರಿಂದ.
ಬರ್ರಂತ ತಿರುವಬ್ಯಾಡ. ವಾಲ್ವಿಗೂ ಮರ್ಯಾದಿ ಅದ.

ಮೊದಲ ಕ್ವಾಟಿ ಒಳಗಿನ ಗಲ್ಲಿ ಬಿಡಬೇಕು.
ಹದಿನಾಕು ಸುತ್ತು ತಿರುವಿದರ ಸಾಕು,
ಅರವತ್ತು ಮನಿ ಕೊಡ ಒಮ್ಮೆಗೇ ಗುಡುಗತಾವ.
ಗ್ವಾಡಿಗೆ ಗ್ವಾಡಿ ಹತ್ತಿದ ಊರು ಅದು:
ಒಬ್ಬರು ಒಗ್ಗರಣಿ ಹಾಕಿದರ ನಾಕು ಮನಿ ಸೀನತಾವ,
ಒಬ್ಬರ ಜಗಳಕ್ಕ ನಾಕು ಮನಿ ತೀರ್ಪು ಕೊಡತಾವ.
ನನ್ನ ಚಾ ಆರೂದರೊಳಗ ನೀರು
ಕಡೀ ನಳಕ್ಕ ಮುಟ್ಟಿರ್ತದ.
ಅಲ್ಲೇನು ಸ್ವರ್ಗ ಅಂತಲ್ಲ—
ಮೋರಿ ನಾತ ಅದ, ಗಾಳಿಗೆ ಕಿಡಕಿ ಸಾಲೂದಿಲ್ಲ,
ಹೆಣ ಹೊತ್ತು ಮೂಲಿ ತಿರುಗುವಾಗ
ನಾಕು ಮಂದಿನೂ ಉಸಿರು ಹಿಡೀಬೇಕು.
ಖರೇ. ಆದರ ನೀರು ಮುಟ್ಟತದ.

ಬೈಪಾಸ್ ದಾಟಿದ ಮ್ಯಾಲ ಬ್ಯಾರೇ ಲೆಕ್ಕ.
ಕರಿ ಹೊಲದಾಗ ಹತ್ತಿ ಕಟಗಿ ಕಿತ್ತು
ಹಳದಿ ಕಲ್ಲು ಬಿತ್ಯಾರ, ಕೆಂಪು ನಂಬರು ಬರದು.
ಎಷ್ಟು ಮಳಿ ಬಂದರೂ ಚಿಗಿಯೂದಿಲ್ಲ ಆ ಬಿತ್ತಿಗಿ.
ಲೇಕ್ ವ್ಯೂ ಅಂತ ಕಮಾನು. ಕೆರಿ ಹುಡುಕಬ್ಯಾಡ.
ನೂರಾ ಎಂಬತ್ತು ಕಲ್ಲಿಗೆ ಐದು ಮನಿ;
ನಡುವ ಜಾಲಿ, ನಾಯಿ, ಸಿಮೆಂಟಿನ ಖಾಲಿ ಚೀಲ.
ಆ ಐದು ಮನಿಗೆ ಮೂರು ಕಿಲೋಮೀಟರ್ ಪೈಪು!
ನೀರು ದಾರಿಯಾಗೇ ಮುದುಕ ಆಗತದ,
ಅಲ್ಲಲ್ಲೆ ಕುಂಡರ್ತದ, ಸಂದಿನಾಗ ಸೋರ್ತದ,
ಕಡೀ ನಳದಾಗ ಬರೀ ಗಾಳಿ, ಸ್ಸ್ ಅಂತ.
ಉರುಕುಂದಮ್ಮ ಟೀಚರ್ ಪೈಪಿಗೆ ಕಿವಿ ಹಚ್ಚಿ ಕುಂತಿರ್ತಾರ,
ಡಾಕ್ಟರ್ ಎದಿ ನೋಡಿದಂಗ.
"ಹುಸೇನಪ್ಪ, ಇವತ್ತರ ಬರ್ತದೇನು?"
ಸಾಲಿಗೆ ಒಂಬತ್ತು ಕಿಲೋಮೀಟರ್ ಅವರಿಗೆ;
ಪಗಾರದಾಗ ಒಂದು ಪಾಲು ಆಟೋದಂವಗ,
ಒಂದು ಟ್ಯಾಂಕರಿನಂವಗ.
ನಾನು ಮುಗಿಲು ನೋಡಿ ಮಾತು ತಪ್ಪಿಸ್ತೀನಿ.

ತಿರುಗಿ ಬರುವಾಗ ನೋಡು, ಸ್ಟೇಷನ್ ಹತ್ತರ
ಹಳೀ ಜಿನ್ನಿಂಗ್ ಮಿಲ್ಲು.
ಏಳು ಎಕರೆ. ಗೇಟಿಗೆ ಜಂಗು ಹಿಡದ ಕೀಲಿ.
ಪಾರಿವಾಳ ಬಿಟ್ಟರ ಯಾರೂ ಹೋಗೂದಿಲ್ಲ ಒಳಗ.
ಪೈಪು, ಕರೆಂಟು, ಮೋರಿ, ರಸ್ತೆ
ಎಲ್ಲಾ ಅದರ ಬಾಗಿಲಿಗೇ ಬಂದು ನಿಂತಾವ,
ಮದಿವಿ ಮುರದದ್ದು ಗೊತ್ತಿಲ್ಲದ ಬೀಗರಂಗ.
ಹೊಟ್ಟಿ ಖಾಲಿ ಇಟ್ಟುಕೊಂಡು
ಕೈಕಾಲು ಬೆಳಸ್ತದ ನಮ್ಮ ರಾಯಚೂರು.

ನಗಬ್ಯಾಡ. ನಾನೂ ಕೊಂಡೀನಿ ಒಂದು ಕಲ್ಲು.
ನಂಬರು ನೂರಾ ಎಪ್ಪತ್ತೊಂದು, ಮೂವತ್ತು ನಲವತ್ತು,
ಆರು ವರ್ಷ ಕಂತು ಕಟ್ಟೀನಿ, ಪಿ.ಎಫ್. ಮುರಿಸಿ.
ಊರ ಪೈಪಿನ ಲೆಕ್ಕೆಲ್ಲಾ ಬಾಯಾಗಿದ್ದಂವ
ನನ್ನ ಪೈಪಿನ ಲೆಕ್ಕ ಹಾಕಲಿಲ್ಲ ನೋಡು.
ಹ್ವಾದ ಐತವಾರ ಹೋಗಿದ್ದೆ.
ಕಲ್ಲಿಗೆ ಯಾರೋ ಆಡಿನ ಮರಿ ಕಟ್ಟಿದ್ದರು.
ಬಾಜೂಕ ಕುಂತೆ. ಅದು ಸರದು ಬಂದು
ನನ್ನ ನೆರಳಿನಾಗ ಮಲಗಿತು.

ಮಗಳು, ಅಳಿಯ ಬರ್ತಾರ ಈ ಊರಿಗೇ, ಜಾಗ ಬೇಕು.
ಮಾಳಿಗಿ ಮ್ಯಾಲ ಎರಡು ಖೋಲಿ ಎತ್ತೋಣಂದೆ.
ಪಾವಟಿಗಿಗೆ ನನ್ನ ಕಡೆ ಜಾಗ ಇಲ್ಲ;
ನಡುವಿನ ಗ್ವಾಡಿ ಜೈನಬಿ ಜೊತಿ ಪಾಲು.
ಕೇಳೀನಿ: ಇಬ್ಬರಿಗೂ ಒಂದೇ ಪಾವಟಿಗಿ ಹಾಕೋಣ,
ನಾಳೆ ನಿನ್ನ ಮಗನೂ ಮ್ಯಾಲ ಕಟ್ಟಲಿ.
ಆಕಿ ಎಲಿಗೆ ಸುಣ್ಣ ಹಚ್ಚಿಕೋತ ಭಾಳೊತ್ತು ಸುಮ್ಮನಿದ್ದಳು.
"ಪಾವಟಿಗಿ ಕಸ ಯಾರು ಹೊಡೀತಾರ?" ಅಂದಳು.

ಅದೊಂದು ಇನ್ನೂ ಇತ್ಯರ್ಥ ಆಗಿಲ್ಲ, ತಾಯಪ್ಪ.
ನಡಿ, ಐದೂವರಿ ಆತು. ನೀನೇ ತಿರುವು—
ಬಲಕ್ಕಲ್ಲೋ, ಎಡಕ್ಕ. ಮೆಲ್ಲಕ.
ಕೇಳಸ್ತೇನು, ಕಾಲಡಿ?