ಸದ್ದಿಲ್ಲದ ಒಂಬತ್ತು ನಿಮಿಷ

ಬೆಂಗ್ರೆಯ ದೋಣಿಯಲ್ಲಿ ಮೈಕು ಹಿಡಿದು ಕೂತಿದ್ದೇನೆ
ಕಪ್ಪು ಸಮುದ್ರಕ್ಕೆ ಒಂಚೂರು ಸದ್ದು ಕಡ ಕೇಳಲು.

ಬಟೂಮಿಯಲ್ಲಿ ನಾಲ್ಕು ದಿನದ ಚಿತ್ರೀಕರಣ.
ಡಾಕ್ಟರಿಕೆ ಕಲಿಯಲು ಹೋದ ರೆನಿಟಾಳ ಕೋಣೆ,
ಅವಳದೇ ಕೊಡೆ, ಅವಳದೇ ಕುಕ್ಕರಿನ ಗಂಜಿ,
ಚಳಿಗೆ ಸಾಯುವ ಬ್ಯಾಟರಿಗಳನ್ನು
ಕಂಕುಳಲ್ಲಿ ಕಾವು ಕೊಟ್ಟು ಸಾಕಿದೆ.

ನಾಯಕಿ, ದಡದಲ್ಲಿ ಸೂರ್ಯಕಾಂತಿ ಬೀಜ ಮಾರುವ ಮುದುಕಿ.
ಹೆಸರು ನೀನೋ.
ಕರೆದಾಗೆಲ್ಲ ನನಗೊಬ್ಬಳಿಗೇ ನಗು.

'ಕಟ್' ಅಂದರೂ ನಿಲ್ಲಲಿಲ್ಲ.
ಬುಟ್ಟಿ ಸೊಂಟಕ್ಕಿಟ್ಟು ನಡೆದೇ ನಡೆದಳು
ಫ್ರೇಮು ದಾಟಿ, ನಾನು ಬರೆದ ಕಥೆಯನ್ನೂ ದಾಟಿ
ಮನೆಗೆ.
ಹೊತ್ತಾಗಿತ್ತಲ್ಲ.

ರೆಕಾರ್ಡರಿನ ಕೆಂಪು ಗುಂಡಿ ಒತ್ತಲೇ ಇಲ್ಲವೆಂದು
ತಿಳಿದದ್ದು ಕಂಕನಾಡಿಯ ಬಾಡಿಗೆ ರೂಮಿನಲ್ಲಿ,
ಫ್ಯಾನಿನ ಕೆಳಗೆ, ಬೆವರುತ್ತ.
ತೆರೆ ಏಳುತ್ತದೆ, ಬೀಳುತ್ತದೆ,
ಮೂಗಿಯ ಕೈಸನ್ನೆಯಂತೆ.

'ಎಂಚಿನ ಮಾರಾಯ್ತಿ,
ನೀರಿನ ಸ್ವರಕ್ಕೂ ಪಾಸ್‌ಪೋರ್ಟುಂಟಾ?'
ದಾಮು ಕರ್ಕೇರ ನಗುತ್ತ ಎಂಜಿನ್ ಆರಿಸುತ್ತಾನೆ.
ಮೀನಿನ ಬುಟ್ಟಿಯ ಹೆಂಗಸರು ಕೂಡ
ನನ್ನ ಸಿನಿಮಾಕ್ಕಾಗಿ ಒಂದು ನಿಮಿಷ ಬಾಯಿ ಮುಚ್ಚಿದರು.

ಹಲಗೆಗೆ ನೀರು ತಾಗಿ
ಹೆಡ್‌ಫೋನಿನೊಳಗೆ ಸಣ್ಣಗೆ ಚಿಟ್, ಚಿಟ್.
ಯಾರೋ ಹಲ್ಲಲ್ಲಿ ಬೀಜ ಒಡೆಯುತ್ತಿದ್ದಾರೆ.

ತಿರುಗಿ ನೋಡದೆ ಕೇಳುತ್ತೇನೆ:
ನೀನೋ?