ಹದಿನೈದು ವಾಟ್

ಡಲೂತ್. ಮಾರ್ಚ್ ಬಂದರೂ ಸರೋವರದ ಮೇಲೆ ಹಿಮದ ಹಲಗೆ.
ಆರ್ವಿಡ್‌ನ ನೆಲಮಾಳಿಗೆಗೆ ಹನ್ನೊಂದು ಮೆಟ್ಟಿಲು;
ಎಣಿಸಿಕೊಂಡೇ ಇಳಿದೆ,
ಕೊಂಡದ್ದನ್ನು ಮೇಲಕ್ಕೆ ಹೊರಬೇಕಾದ್ದು ನನ್ನದೇ ಸೊಂಟ ತಾನೆ.

ಬೆಂಚಿನ ಮೇಲೆ ಮೂರು ಆಂಪ್.
ಮೂರರ ಬೆನ್ನೂ ನನ್ನ ಕಡೆಗೆ. ಅವನು ಇಡುವುದೇ ಹಾಗೆ,
ಹೆಸರು ಓದಿ ಕೇಳುವವರ ಕಿವಿ ಕೆಟ್ಟಿರುತ್ತದಂತೆ.

ಸ್ವಿಚ್ ಒತ್ತಿದ. ಕೂತೆವು.
ಟ್ಯೂಬುಗಳಿಗೆ ಅವಸರವಿಲ್ಲ.
ಗಾಜಿನೊಳಗೆ ಮೊದಲೊಂದು ಸಂಶಯ, ಆಮೇಲೆ ಕೆಂಪು,
ಆಮೇಲೆ ಯಾರೋ ಈಗಷ್ಟೇ ಬೂದಿ ಊದಿದ ಹಾಗೆ ಕೆಂಡ.
ತಡವಾಗಿ ಹೊತ್ತಿಕೊಂಡರೆ ಲೋಕ ನಗುತ್ತದೆ;
ಇಲ್ಲಿ ಅದಕ್ಕೇ ಬೆಲೆ.
ಆ ಅರ್ಧ ನಿಮಿಷದಲ್ಲಿ
ಅವನು ಹೆಂಡತಿಯ ಮಂಡಿಯ ಆಪರೇಷನ್ ವಿಷಯ ಹೇಳಿದ,
ನಾನು ಶಾಲೆ ಬಸ್ಸಿನ ಹೀಟರ್ ಕೆಟ್ಟದ್ದು ಹೇಳಿದೆ.

ಮೊದಲನೆಯದು ನಲವತ್ತು ವಾಟ್. ಅರವತ್ತು ಪೌಂಡು ತೂಕ.
ಒಂದು ತಂತಿ ಮೀಟಿದೆ,
ಗೋಡೆಗೆ ತೂಗಿದ ಸ್ಪ್ಯಾನರುಗಳೆಲ್ಲ ಬೆಚ್ಚಿಬಿದ್ದವು.
ತಿಳಿ ದನಿ, ಒರೆಸಿದ ಕಿಟಕಿಯಂತೆ.
ಆದರೆ ಇದಕ್ಕೆ ಬಾಯಿ ಬರುವುದು ಗುಂಡಿ ಆರು ದಾಟಿದ ಮೇಲೆ,
ಲಿಂಡಾಲ್‌ನ ಬಾರಿನಲ್ಲೋ ಎರಡಕ್ಕೇ
ಕೌಂಟರಿನ ಹಿಂದಿನಿಂದ ಒಂದು ಕೈ ಏಳುತ್ತದೆ, ಅಂಗೈ ಕೆಳಗೆ:
ಇಳಿಸು ಮಾರ್ಲಿಸ್, ಇನ್ನೂ ಇಳಿಸು,
ಗಿರಾಕಿ ಏನು ಕೇಳುತ್ತಿದ್ದಾನೋ ಕೇಳಿಸುತ್ತಿಲ್ಲ.
ಹದಿನಾಲ್ಕು ವರ್ಷ ಇಂಥದನ್ನೇ ಹೊತ್ತೆ.
ಆನೆ ಸಾಕಿದ್ದು
ಬಾಗಿಲು ಕಾಯಲಿಕ್ಕೆ.

ಎರಡನೆಯದು ಐದೇ ವಾಟ್.
ಊಟದ ಡಬ್ಬಿಯಂತೆ ಒಂದು ಕೈಗೆ ಸಾಕು.
ಎಂಥ ಸಿಹಿ! ಕಣ್ಣು ಮುಚ್ಚಿಕೊಂಡೆ.
ಆರ್ವಿಡ್ ಏನೂ ಅನ್ನದೆ
ಎರಡು ಇಕ್ಕಳ ಎತ್ತಿಕೊಂಡು
ಖಾಲಿ ಬಣ್ಣದ ಡಬ್ಬಿಯ ಮೇಲೆ ಬಡಿಯತೊಡಗಿದ
ಥೇಟು ನಮ್ಮ ರೋಲ್ಫ್ ಡ್ರಮ್ ಬಾರಿಸಿದ ಹಾಗೆ, ತಾಳಕ್ಕಿಂತ ಒಂದು ಕೂದಲು ಮುಂದೆ,
ಸಾಲ ಕೊಟ್ಟವನು ಬಾಗಿಲು ಬಡಿದ ಹಾಗೆ.
ನನ್ನ ಗಿಟಾರು ಎಲ್ಲಿ?
ತುಟಿ ಮಾತ್ರ ಆಡುತ್ತಿತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ.
ಹಾಸಿಗೆಯ ಮುಕ್ಕಾಲು ಡ್ರಮ್ಮರನೇ ಹಿಡಿದಿದ್ದರೆ?

ಮೂರನೆಯದಕ್ಕೆ ಹೆಸರಿಲ್ಲ.
ಯಾವುದೋ ಲಾರಿ ಸೀಟಿನ ಹಸಿರು ರೆಕ್ಸಿನ್ ಹೊದಿಸಿದ್ದಾರೆ,
ಒಂದು ಮೂಲೆಯನ್ನು ನಾಯಿ ಅಗಿದಿದೆ.
ಹದಿನೈದು ವಾಟ್.
ಮೆತ್ತಗೆ ಮೀಟಿದೆ, ಮೆತ್ತಗೆ ಮಾತಾಡಿತು.
ಜೋರಾಗಿ ಎಳೆದೆ,
ದನಿಯ ಅಂಚು ಒಡೆಯಿತು,
ಅಳು ಬರುವ ಮೊದಲಿನ ಗಂಟಲಿನಂತೆ.
ಕಿರುಬೆರಳಿನಿಂದ ಗಿಟಾರಿನ ಗುಂಡಿ ತುಸು ಹಿಂದಕ್ಕೆ ತಿರುಗಿಸಿದೆ,
ಮತ್ತೆ ತಿಳಿ,
ಏನೂ ಆಗೇ ಇಲ್ಲವೆಂಬಂತೆ ಮುಖ ತೊಳೆದುಕೊಂಡು.

ನವೆಂಬರಿನಲ್ಲಿ ಜಿನೆಟ್ ಹೋದಾಗ
ಯೂನಿಯನ್ ಹಾಲಿನಲ್ಲಿ ಒಂದು ಹಾಡು ನುಡಿಸಿದ್ದೆ.
ಮೂವತ್ತು ಜನ, ಮಡಿಚುವ ಕುರ್ಚಿ, ಕಾಫಿ.
ನನ್ನ ಆನೆ ಒಂದೂವರೆಯ ಮೇಲೆ
ಅಚ್ಚು ಹಾಕಿಸಿದ ಸಂತಾಪದ ಕಾರ್ಡಿನಂತೆ ಸಭ್ಯವಾಗಿತ್ತು.
ಸಣ್ಣ ಕೋಣೆಯಲ್ಲಿ ಅಳಲಿಕ್ಕೆ
ಅದಕ್ಕೆ ಬರುತ್ತಲೇ ಇರಲಿಲ್ಲ.

ಇದನ್ನು ಆರ್ವಿಡ್‌ಗೆ ಹೇಳಲಿಲ್ಲ.
ಅವನು ಪೆಟ್ಟಿಗೆಯ ಮೇಲೆ ಅಂಗೈ ಊರಿ ನಿಂತಿದ್ದ.
ಅದಿರು ಹಡಗುಗಳ ಕಟ್ಟೆಯಲ್ಲಿ ಮೂವತ್ತು ವರ್ಷ;
ಮೇಲಿನ ಸ್ವರಗಳೆಲ್ಲ ಎಂದೋ ಹೋಗಿವೆ,
ಕೈಯಿಂದಲೇ ಕೇಳುತ್ತಾನೆ.
"ಇದೂ ಒಡೆಯುತ್ತದೆ," ಅಂದ,
"ನೀನು ಹೇಳಿದಾಗ."

ಚೌಕಾಸಿ ಹೆಚ್ಚು ನಡೆಯಲಿಲ್ಲ. ಅವನು ಐವತ್ತು ಡಾಲರ್ ಬಿಟ್ಟ,
ಒಂದು ಜೊತೆ ಟ್ಯೂಬು ಹೆಚ್ಚಿಗೆ ಕೊಟ್ಟ,
ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ.
"ಒಳಗಿನವು ಇನ್ನೂ ಬಿಸಿ, ಕುಲುಕಬೇಡ."

ಹನ್ನೊಂದು ಮೆಟ್ಟಿಲು. ಏಳನೆಯದರಲ್ಲಿ ಒಮ್ಮೆ ನಿಂತೆ.

ಬಸ್ಸಿನ ಮೊದಲ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದೆ.
ಚಳಿಗೆ ಬಾಯ್ಬಿಟ್ಟ ರಸ್ತೆ;
ಗುಂಡಿ ಗುಂಡಿಗೂ ನಿಂತು, ಇಳಿದು, ಹತ್ತಿ, ಬೆಟ್ಟದ ಬೀದಿಯಲ್ಲಿ ಆಮೆಯಾದೆ.
ಹಿಂದೆ ಯಾರೋ ಹಾರ್ನ್ ಹೊಡೆದು
ಹಳದಿ ಬಣ್ಣ ನೋಡಿ,
ಒಳಗೆ ಮಗು ಇದೆಯೆಂದುಕೊಂಡು
ಸುಮ್ಮನಾದರು.