ಒಟ್ಲು

ಚದರಡಿಗೆ ಮೂವತ್ತೆಂಟು ರೂಪಾಯಿ.
ಬಟವಾಡಿಯ ಮನೆಮುಂದೆ ಹನ್ನೆರಡಕ್ಕೆ ಇಪ್ಪತ್ತು.
ನರ್ಸರಿಯವನು ಚಾಪೆಯಂತೆ ಸುರುಳಿ ಸುತ್ತಿ ತಂದು,
ಬಿಚ್ಚಿ ಹಾಸಿ, ತುಳಿದು ಕೂರಿಸಿ,
"ಮೂರು ವಾರ ಯಾರೂ ಕಾಲಿಡಬಾರದು ಸಾರ್" ಅಂದು ಹೋದ.
ನಾವು ಇಡಲಿಲ್ಲ.

ನಾಲ್ಕನೇ ವಾರಕ್ಕೆ ಮೊದಲ ಮಚ್ಚೆ.
ತಟ್ಟೆಯಗಲ. ನಡುವೆ ಸುಟ್ಟ ಹುಲ್ಲು,
ಸುತ್ತ ಮಾತ್ರ ಒಂದು ಉಂಗುರ,
ಮಿಕ್ಕೆಲ್ಲಕ್ಕಿಂತ ಕಡುಹಸಿರು.
ಆಮೇಲೆ ಎರಡು. ಆಮೇಲೆ ಏಳು.

"ಅದೇ ಆ ಕಂದು ಹೆಣ್ಣುನಾಯಿ," ಅಂದಳು ವಿಮಲಾಕ್ಷಿ,
"ಗಂಡಾದರೆ ಕಂಬ ಹುಡುಕುತ್ತೆ, ಹೆಣ್ಣು ಹುಲ್ಲಲ್ಲೇ ಕೂರುತ್ತೆ."

ಮನೆಗೊಂದು ಮದ್ದು.
ಎದುರುಮನೆಯ ಕಲೀಮುಲ್ಲಾ ಸಾಹೇಬರು ಸುಣ್ಣ ಅಂದರು,
ಹಾಲಿನ ನಂಜಮರಿ ಬೆಲ್ಲದ ನೀರು ಅಂದ,
ಗೊಬ್ಬರದಂಗಡಿಯವನು ಜಿಪ್ಸಮ್ಮು ಕಟ್ಟಿಕೊಟ್ಟು, ಚಿಲ್ಲರೆ ಕೊಡದೆ,
"ಉಚ್ಚೇಲಿರೋದೂ ಯೂರಿಯಾನೇ ಸಾರ್,
ಅಂಚಿಗೆ ಅನ್ನ, ನಡುವಿಗೆ ವಿಷ" ಅಂದ.
ವಿಮಲಾಕ್ಷಿ ಬಾಟಲಿಯಲ್ಲಿ ಕುಂಕುಮ ಕದಡಿ ಗೇಟಿಗೆ ಕಟ್ಟಿದಳು.
ನಾಯಿ ಬಂದು ಅದರ ಕೆಳಗೇ ಮಲಗಿತು.
ನೆರಳಿತ್ತಲ್ಲ.

ನಾನು ಸರ್ವೆ ಇಲಾಖೆಯವನು, ನಂಬುವುದು ಟೇಪನ್ನು.
ಒಂದು ಭಾನುವಾರ ಮಚ್ಚೆಗಳ ನಡುವೆ ಅಳತೆ ಹಿಡಿದೆ:
ಎರಡಡಿ, ಎರಡಡಿ, ಒಂದೂಮುಕ್ಕಾಲು, ಎರಡಡಿ,
ಪೂರ್ವದ ಅಂಚಿಗೆ ಬದು ಹಾಕಿದಷ್ಟು ನೆಟ್ಟಗೆ.
ನಾಯಿಗೆ ಇಷ್ಟು ಶಿಸ್ತು ಎಲ್ಲಿಂದ ಬಂತು?

ಆ ರಾತ್ರಿ ಕಿಟಕಿಯ ಬಳಿ ಕುರ್ಚಿ ಹಾಕಿ, ಕೋಲು ಹಿಡಿದು ಕೂತೆ.
ಮೂರೂಕಾಲು. ಹೆದ್ದಾರಿಯ ಒಂದು ಲಾರಿ ಅಡಗಿ
ಇನ್ನೊಂದು ಶುರುವಾಗುವ ಸಂದಿನಲ್ಲಿ
ನಮ್ಮದೇ ಬಾಗಿಲ ಚಿಲಕ ಸರಿಯಿತು.

ಅಪ್ಪ.
ತಲೆಗೆ ಟವೆಲು ಸುತ್ತಿ, ಚಪ್ಪಲಿ ಹೊಸಿಲಲ್ಲೇ ಬಿಟ್ಟು
ಹುಲ್ಲಿನ ಅಂಚು ಹಿಡಿದು ನಡೆದರು.
ಕೊನೆಯ ಮಚ್ಚೆಯಿಂದ ಒಂದು ಹೆಜ್ಜೆ ಮುಂದೆ ನಿಂತು
ಪಂಚೆ ಎತ್ತಿದರು.
ಕಂದು ನಾಯಿ ಪಕ್ಕದಲ್ಲಿ ಕಾದು ನಿಂತಿತ್ತು,
ಏರಿಯ ಮೇಲೆ ಜೊತೆಗೆ ಬಂದದ್ದರ ಹಾಗೆ.

ಮಿಡಿಗೇಶಿ ಕಡೆಯ ಒಂದು ಕೆರೆಗೆ ನಲವತ್ತು ವರ್ಷ ನೀರುಗಂಟಿ.
ಯಾರ ಗದ್ದೆಗೆ ಎಷ್ಟು ಗಳಿಗೆ, ತೂಬು ಎಷ್ಟು ಗೇಣು,
ಎಲ್ಲ ಬಾಯಿಲೆಕ್ಕ. ಈಗ ನನ್ನ ಹೆಸರಿಗೆ
ಎರಡು ಸಲ ತಡಕಾಡುತ್ತಾರೆ.
ತೂಬು ನೋಡಿಬರುವ ಹೊತ್ತು ಮಾತ್ರ ಮರೆತಿಲ್ಲ.

ಕೋಲನ್ನು ಕುರ್ಚಿಗೆ ಒರಗಿಸಿ ಹೊರಗೆ ಹೋದೆ.
ಅವರು ಬೆಚ್ಚಲಿಲ್ಲ. ಯಾರೋ ಗದ್ದೆಯವನೆಂದುಕೊಂಡು
ಬಗ್ಗಿ, ಸುಟ್ಟ ಜಾಗ ಸವರಿ,
"ಒಟ್ಲು ಹಳ್ದಿ ಬಿದ್ದೈತೆ ಕಣಪ್ಪ. ಗೊಬ್ರ ಜಾಸ್ತಿ ಆಗೈತೆ.
ಇದ್ಕೆ ಬ್ಯಾರೆ ಔಸ್ದಿ ಇಲ್ಲ, ನೀರ್ ಬಿಡು.
ನಿನ್ ಸರದಿ ಯಾವತ್ತು?"

"ಇವತ್ತೇ," ಅಂದೆ.

ನಲ್ಲಿ ತಿರುಗಿಸಿದೆ. ಪೈಪು ಮೊದಲು ಗಾಳಿ ಕೆಮ್ಮಿತು.
ಅವರು ಹೆಬ್ಬೆರಳಿಂದ ಹುಲ್ಲಿನಡಿ ಒಂದು ಸಣ್ಣ ಕಾಲುವೆ ಗೀರಿ
ಪಕ್ಕದ ಮಚ್ಚೆಗೂ ಹರಿಸಿ, ನೋಡುತ್ತ ನಿಂತು,
"ಸಾಕು, ಇನ್ನು ಮುಂದ್ಲೋರ್ಗೆ" ಅಂದರು.

ಬೆಳಿಗ್ಗೆ ವಿಮಲಾಕ್ಷಿ, "ಸಿಕ್ತಾ?"
"ಹೂಂ. ಅದೇ ನಾಯಿ."

ಈಗ ಮಲಗುವ ಮುಂಚೆ ಒಂದು ಬಕೆಟ್ಟು ತುಂಬಿಟ್ಟಿರುತ್ತೇನೆ,
ನಲ್ಲಿ ಸದ್ದಾಗಬಾರದೆಂದು.
ಸಂಜೆ ಬೇಕರಿಯಿಂದ ಒಂದು ಬನ್ನು ತಂದು
ಗೇಟಿನ ಹೊರಗೆ ಇಡುತ್ತೇನೆ.
ತಿಂದು, ನನ್ನ ಮುಖ ಕೂಡ ನೋಡದೆ,
ಕೆಂಪು ಬಾಟಲಿಯ ಕೆಳಗೆ
ಮಗ್ಗುಲು ಬದಲಿಸುತ್ತದೆ.